ಸಪಿಯಾ ಟೀಚರ ಮುಂದಿನ ಹಲ್ಲು

ಎಲ್ಲ ಶುರುವಾದದ್ದು ಒಂದು ತುಂಡು ದೊದೊಲ್‌ನಿಂದ. ಬಾಲಿಕ್ ಪುಲಾವ್ ಅನ್ನುವ ಊರಿನ ಶಾಲೆಯೊಂದರ ಕ್ಯಾಂಟೀನ್ ನಡೆಸುವ ಮಾಕ್ ತೇ ಹಬ್ಬಕ್ಕೆಂದು ತೆಂಗಿನ ಹಾಲು, ತಾಳೆಬೆಲ್ಲ ಹಾಕಿ, ತೋಳು ಸೋಲುವ ತನಕ ಮಗುಚಿ ಮಾಡಿದ ಕಪ್ಪು ಹಲ್ವಾ ಅದು. ಹಬ್ಬ ಕಳೆದರೂ ತಟ್ಟೆ ಖಾಲಿಯಾಗಿರಲಿಲ್ಲ. ಬೆಳಬೆಳಗ್ಗೆಯೇ ಅದನ್ನು ಹಿಡಿದುಕೊಂಡು ಆಕೆ, ಪರೀಕ್ಷೆಗೆಂದು ಹಲ್ಲಿನ ಕಾಲೇಜಿನಿಂದ ಬಂದಿದ್ದ ಸಪಿಯಾ ಟೀಚರಿಗೆ ಅಡ್ಡ ನಿಂತಳು.

"ಬೇಡ ಮಾಕ್ ತೇ, ಇವತ್ತು ನಮ್ಮ ಹುಡುಗಿಯ ಪರೀಕ್ಷೆ. ಅಂಟುಸಿಹಿ ತಿನ್ಬೇಡಿ ಅಂತ ಊರಿಗೆಲ್ಲ ಹೇಳೋಳು ನಾನು. ನಾನೇ ತಿಂದ್ರೆ ಜನ ಏನಂತಾರೆ?"

"ತಿನ್ನು ಅಂದ್ನಾ ನಾನು? ಬೆರಳಲ್ಲಿ ಮುಟ್ಟಿ ನಾಲಿಗೆಗೆ ಹಚ್ಕೋ, ಸಾಕು. ಮುಟ್ಟದೆ ಹೋಗಿ ದಾರೀಲಿ ಏನಾದ್ರೂ ಆದ್ರೆ ಆಮೇಲೆ ನನ್ನ ಬೈಬೇಡ."

ಕೊಟ್ಟ ತಿಂಡಿಯನ್ನು ಬೆರಳ ತುದಿಯಿಂದಲಾದರೂ ಮುಟ್ಟಿ ರುಚಿ ನೋಡದೆ ಹೊರಟವರಿಗೆ ಹಾವೋ ಚೇಳೋ ಕಾದಿರುತ್ತದೆ ಅನ್ನುವುದು ನಮ್ಮ ಕಡೆ ಕೂಸಿಗೂ ಗೊತ್ತು. ಟೀಚರ್ ಮುಟ್ಟಿದರು. ನಾಲಿಗೆಗೆ ಹಚ್ಚಿಕೊಂಡರು. ಏನು ರುಚಿ ಅಂತೀರಿ! ಅಲ್ಲಿಗೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮಾಕ್ ತೇ ಆ ಕಡೆ ತಿರುಗಿದ್ದೇ ತಡ, ಆಚೀಚೆ ನೋಡಿ ಒಂದು ತುಂಡನ್ನು ಕಚ್ಚಿ ಎಳೆದರು. ದೊದೊಲ್ ಕೈಗೆ ಬಂತು. ಅದಕ್ಕೆ ಅಂಟಿಕೊಂಡು ಮುಂದಿನ ಹಲ್ಲಿನ ಕ್ಯಾಪೂ ಬಂತು.

ಅಯ್ಯೋ, ಅವತ್ತೇ ಆಗಬೇಕಿತ್ತೇ ಇದು! ಶಾಲೆ ಶಾಲೆಗೆ ಹೋಗಿ ಮಕ್ಕಳ ಹಲ್ಲು ನೋಡುವ ಥೆರಪಿಸ್ಟ್‌ಗಳನ್ನು ತಯಾರು ಮಾಡುವ ಕಾಲೇಜು ನಮ್ಮದು. ಹುಳುಕು ಕೊರೆಯುವುದು, ತುಂಬುವುದು, ಕೀಳುವುದು ಬೇರೆಯವರ ಪಾಠ. ಜನರಿಗೆ ಬಾಯಿ ಚೊಕ್ಕಟವಾಗಿ ಇಟ್ಟುಕೊಳ್ಳಲು ಹೇಳಿಕೊಡುವುದು ಹೇಗೆ, ರೋಗಿಯ ಹತ್ತಿರ ನೆಟ್ಟಗೆ ನಡೆದುಕೊಳ್ಳುವುದು ಹೇಗೆ, ಇವೆರಡು ಸಪಿಯಾ ಟೀಚರ ಪಾಠ. "ಅದೇನು ಪಾಠ ಬಿಡಿ, ಬರೀ ಉಪದೇಶ" ಅಂತ ಜೊತೆಯವರೇ ಮೂಗು ಮುರಿಯುತ್ತಿದ್ದರು. ಆ ಪಾಠ ಟೀಚರ ಕೈಯಲ್ಲೇ ಉಳಿಯುತ್ತದೋ, ಇನ್ನೊಬ್ಬರ ಪಾಠದ ಬಾಲಕ್ಕೆ ಸೇರುತ್ತದೋ ಅನ್ನುವುದನ್ನು ಇವತ್ತಿನ ಪರೀಕ್ಷೆ ನೋಡಿಯೇ ತೀರ್ಮಾನ ಮಾಡುತ್ತೇನೆ ಅಂತ ರಾಜಧಾನಿಯಿಂದ ದೊಡ್ಡ ಅಧಿಕಾರಿ, ದಾತಿನ್ ಅನ್ನುವ ಬಿರುದಿನ ಮಸಿತಾ ಬರುವವರಿದ್ದರು. ನಗು ಅನ್ನುವುದನ್ನು ಮನೆಯಲ್ಲೇ ಬಿಟ್ಟು ಬರುವ ಹೆಂಗಸು ಅಂತ ಹೆಸರಾದವರು ಆಕೆ.

ಟೀಚರ್ ಮುಖಕ್ಕೆ ಮಾಸ್ಕ್ ಏರಿಸಿಕೊಂಡು ಓಡಿದ್ದು ಶಾಲೆಯಂಗಳದಲ್ಲಿ ನಿಂತಿದ್ದ ಹಲ್ಲಿನ ವ್ಯಾನಿಗೆ. ಒಳಗೆ ವಿಘ್ನೇಶ್ವರಿ ಸಾಮಾನು ಜೋಡಿಸುತ್ತಿದ್ದಳು. ಪರೀಕ್ಷೆ ಅವಳದೇ, ಕೊನೆ ವರ್ಷದ ಹುಡುಗಿ.

"ಬಾಗಿಲು ಹಾಕು. ನಿನ್ನ ಹತ್ರ ಹಲ್ಲು ಅಂಟಿಸೋ ಸಿಮೆಂಟಿದೆಯಲ್ಲ, ಒಂಚೂರು ಹಚ್ಚಿ ಇದನ್ನ ಕೂರಿಸಿಬಿಡು. ಬೇಗ!"

ವಿಘ್ನೇಶ್ವರಿ ಕ್ಯಾಪನ್ನು ನೋಡಿದಳು, ಟೀಚರ ಬಾಯಿಯನ್ನು ನೋಡಿದಳು. ನಗಲಿಲ್ಲ.

"ಪುವಾನ್, ನಿಮ್ಮ ವಯಸ್ಸೆಷ್ಟು?" ಅಂದಳು. ಮೇಡಂ ಅನ್ನುವುದಕ್ಕೆ ನಮ್ಮಲ್ಲಿ ಪುವಾನ್ ಅಂತಾರೆ.

"ಈಗ ಯಾಕೇ ಅದು? ಐವತ್ತೆರಡು."

"ಹಂಗಾದ್ರೆ ಆಗಲ್ಲ ಪುವಾನ್. ಹದಿನೆಂಟು ತುಂಬದ ಮಕ್ಕಳ ಬಾಯಿಗೆ ಮಾತ್ರ ನಾವು ಕೈ ಹಾಕ್ಬೇಕು. ದೊಡ್ಡೋರಿಗೆ ಡಾಕ್ಟ್ರೇ ಬೇಕು."

"ಕಾನೂನು ನನಗೇ ಹೇಳ್ಕೊಡ್ತೀಯಾ?"

"ನೀವೇ ಹೇಳ್ಕೊಟ್ಟಿದ್ದು. ನೆಂಟರು ಕೇಳಿದ್ರೂ ಇಲ್ಲ ಅನ್ನಿ, ಹಿರಿಯರು ಕೇಳಿದ್ರೂ ಇಲ್ಲ ಅನ್ನಿ ಅಂತ."

"ನಾನು ನಿನ್ನ ಟೀಚರು ಕಣೇ!"

"ಟೀಚರ್ ಕೇಳಿದ್ರೆ ಇನ್ನೂ ಗಟ್ಟಿಯಾಗಿ ಇಲ್ಲ ಅನ್ನಿ ಅಂದಿದ್ರಿ. ಮೇಜು ಗುದ್ದಿ ಹೇಳಿದ್ರಿ, ಪುವಾನ್."

ಹೇಳಿದ್ದು ನಿಜ. ಗುದ್ದಿದ್ದೂ ನಿಜ. ಟೀಚರಿಗೆ ಮೈಯೆಲ್ಲ ಉರಿಯಿತು. ಅದರ ಜೊತೆಗೇ, ಹಾಳಾದ್ದು, ಹೆಮ್ಮೆಯೂ ಉಕ್ಕಿ ಬಂತು. ಎಂಥ ಹುಡುಗಿ! ಒಂದಕ್ಷರ ಮರೆತಿಲ್ಲವಲ್ಲ!

"ಊರಿನ ಕ್ಲಿನಿಕ್ಕಿಗೆ ಫೋನ್ ಮಾಡ್ಲಾ? ಮಧ್ಯಾಹ್ನದ ಮೇಲೆ ಡಾಕ್ಟ್ರು ಸಿಗ್ತಾರೆ," ಅಂದಳು ವಿಘ್ನೇಶ್ವರಿ.

"ಅಲ್ಲೀತನಕ ಕಿಟಕಿ ತೆಕ್ಕೊಂಡು ದಾತಿನ್ ಮುಂದೆ ನಿಂತಿರ್ಲಾ? ಹೋಗು, ನಿನ್ನ ಕೆಲಸ ನೋಡ್ಕೋ."

"ಚಿಂತೆ ಮಾಡ್ಬೇಡಿ. ಇದು ನನ್ನ ಬಾಯಿಂದ ಹೊರಗೆ ಹೋಗಲ್ಲ."

ಇನ್ನೇನು ಮಾಡಿಯಾರು ಟೀಚರ್? ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡರು. ಕೈಯಲ್ಲಿ ಉಳಿದಿದ್ದ ದೊದೊಲ್‌ನಿಂದಲೇ ಒಂದು ಚೂರು ಚಿವುಟಿ, ಕ್ಯಾಪಿನೊಳಗೆ ತುಂಬಿ, ಹಲ್ಲಿನ ಮೊಂಡಿನ ಮೇಲೆ ಒತ್ತಿ ಹಿಡಿದರು. ಕೂತುಕೊಂಡಿತು! ಮಾಕ್ ತೇಯ ಕೈಪಾಕ ಅಂದರೆ ಸುಮ್ಮನೆಯೇ?

ದಾತಿನ್ ಬಂದರು. ಪರೀಕ್ಷೆ ಶುರುವಾಯಿತು. ಒಂದನೇ ಕ್ಲಾಸಿನ ಮಕ್ಕಳು ಚರಂಡಿಯುದ್ದಕ್ಕೂ ಕುಕ್ಕರುಗಾಲಲ್ಲಿ ಸಾಲಾಗಿ ಕೂತಿದ್ದವು. ಒಂದು ಕೈಯಲ್ಲಿ ನೀರಿನ ಲೋಟ, ಒಂದು ಕೈಯಲ್ಲಿ ಬ್ರಶ್ಶು. ವಿಘ್ನೇಶ್ವರಿ ಎಣಿಸುತ್ತಿದ್ದಳು, ಅವು ಉಜ್ಜುತ್ತಿದ್ದವು. "ಉಗೀರಿ" ಅಂದಾಗ ಸಾಲಿಗೆ ಸಾಲೇ ಬಗ್ಗಿ ಚರಂಡಿಗೆ ಉಗಿಯಿತು. ನೋಡುವುದಕ್ಕೆ ಎಷ್ಟು ಚೆಂದ! ಒಬ್ಬಳು ಬಾಯಿ ತೆರೆಯಲು ನಾಚಿಕೊಂಡು ಕೂತಿದ್ದಳು. ಅವಳ ಹಲ್ಲೆಲ್ಲ ಕರ್ರಗೆ ಹುಳುಕಾಗಿತ್ತು. ವಿಘ್ನೇಶ್ವರಿ ಬೈಯಲಿಲ್ಲ, ಹೆದರಿಸಲಿಲ್ಲ, ಬೇರೆ ಮಕ್ಕಳಿಗೆ ತೋರಿಸಲಿಲ್ಲ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ ಕಿಸಕ್ಕನೆ ನಕ್ಕು ಬ್ರಶ್ಶು ಎತ್ತಿಕೊಂಡಳು. ಮಾಸ್ಕಿನ ಮೇಲಿಂದ ನೋಡುತ್ತಿದ್ದ ಟೀಚರ ಕಣ್ಣು ತುಂಬಿ ಬಂತು.

"ನೀವ್ಯಾಕೆ ಮಾಸ್ಕ್ ಹಾಕಿದ್ದೀರಿ?" ದಾತಿನ್ ಕೇಳಿದರು.

"ನೆಗಡಿ, ದಾತಿನ್."

ಈ ಮಾತು ಮಾಕ್ ತೇಯ ಕಿವಿಗೆ ಬಿತ್ತು, ಗ್ರಹಚಾರ. ಕ್ಷಣದಲ್ಲಿ ಹಬೆಯಾಡುವ ಶುಂಠಿ ನೀರಿನ ಲೋಟ ಹಿಡಿದು ಓಡಿಬಂದಳು. "ಬೆಳಗ್ಗೆ ಚೆನ್ನಾಗೇ ಇದ್ಯಲ್ಲೇ ಸಪಿಯಾ! ಕುಡಿ. ಕುಡಿಯೋ ತನಕ ನಾನು ಹೋಗಲ್ಲ."

"ಆಮೇಲೆ ಕುಡೀತೀನಿ ಮಾಕ್ ತೇ."

"ಆರಿದ್ರೆ ಏನು ಬಂತು? ಬಿಸಿಬಿಸಿ ಇಳೀಬೇಕು. ದಾತಿನ್, ನೀವಾದ್ರೂ ಹೇಳಿ, ಇವಳು ಚಿಕ್ಕಂದಿನಿಂದ ಹಿಂಗೇ."

"ಕುಡೀರಿ," ಅಂದರು ದಾತಿನ್.

ಟೀಚರ್ ಆ ಕಡೆ ತಿರುಗಿ ಮಾಸ್ಕ್ ಸರಿಸಿ ಕುಡಿದರು. ಬಿಸಿ ತಾಗಿದ ದೊದೊಲ್ ಒಲೆಯ ಮೇಲಿನ ಬೆಲ್ಲದ ಹಾಗೆ ಕರಗತೊಡಗಿತು. ಕ್ಯಾಪು ಅಲ್ಲಾಡಿತು. ಅದನ್ನು ನಾಲಿಗೆಯಿಂದ ಒತ್ತಿ ಹಿಡಿದು, ಮಾಸ್ಕ್ ಏರಿಸಿಕೊಂಡು, ಉಳಿದ ಪರೀಕ್ಷೆಗೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಹೋಗಿ ಕೂತರು.

ದಾತಿನ್ ವಿಘ್ನೇಶ್ವರಿಯನ್ನು ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನೆ ಶುರುಮಾಡಿದರು. ಎಲ್ಲದಕ್ಕೂ ಪಟಪಟನೆ ಉತ್ತರ ಬಂತು.

"ಮೇಲಿನವರು ಮಾಡಬಾರದ ಕೆಲಸ ಹೇಳಿದ್ರೆ?"

"ಆಗಲ್ಲ ಅಂತೀನಿ, ದಾತಿನ್. ಇವತ್ತು ಬೆಳಗ್ಗೆ ತಾನೇ ಅಂದೆ. ದೊಡ್ಡೋರೊಬ್ರು ಹಲ್ಲಿನ ಕ್ಯಾಪ್ ಕೂರಿಸು ಅಂತ ಬಂದಿದ್ರು."

ಟೀಚರ ನಾಲಿಗೆ ಅಲ್ಲೇ ಮರಗಟ್ಟಿತು.

ದಾತಿನ್ ಕನ್ನಡಕ ತೆಗೆದರು. "ಈ ಶಾಲೆಯಲ್ಲೇ? ಯಾರದು?"

"ಹೇಳೋ ಹಾಗಿಲ್ಲ. ಬಾಯಿ ತೋರಿಸಿದವರ ಗುಟ್ಟು ಅದು."

"ನಾನು ಕೇಳ್ತಿದೀನಿ."

"ಯಾರು ಕೇಳಿದ್ರೂ ಅಷ್ಟೇ, ದಾತಿನ್."

"ಹೆಸರು ಹೇಳದಿದ್ರೆ ನಿನ್ನ ಫೇಲ್ ಮಾಡ್ತೀನಿ. ಮೂರು ವರ್ಷ ಓದಿದ್ದು ನೀರಲ್ಲಿ ಹೋಗುತ್ತೆ. ಯೋಚನೆ ಮಾಡು."

ಅಪ್ಪ ರಬ್ಬರ್ ತೋಟದಲ್ಲಿ ದುಡಿದು ಓದಿಸಿದ ಹುಡುಗಿ ವಿಘ್ನೇಶ್ವರಿ. ಟೀಚರ ಕಡೆ ಅಪ್ಪಿತಪ್ಪಿಯೂ ನೋಡಲಿಲ್ಲ. "ಮಾಡಿ, ದಾತಿನ್," ಅಂದಳು ಮೆಲ್ಲಗೆ.

ಸಪಿಯಾ ಟೀಚರಿಗೆ ತಡೆಯಲಾಗಲಿಲ್ಲ. ಹೆಮ್ಮೆ ಎದೆಯಿಂದ ಗಂಟಲಿಗೆ ಬಂದು, ಗಂಟಲಿಂದ ಬಾಯಿಗೆ ಬಂತು. ಮಾಸ್ಕ್ ಕಿತ್ತೆಸೆದು ಎದ್ದು ನಿಂತರು.

"ಇವಳನ್ನ ಫೇಲ್ ಮಾಡ್ತೀರಾ? ಇಂಥವಳನ್ನ? ಇವಳಿಗೆ ಇದನ್ನೆಲ್ಲ ಕಲಿಸಿದ್ದು ನಾನು! ಕ್ಯಾಪ್ ಕೂರಿಸು ಅಂತ ಹೋಗಿದ್ದೂ ನಾನೇ!"

'ನಾನೇ' ಅಂದ ರಭಸಕ್ಕೆ ಕ್ಯಾಪು ಹಾರಿ ದಾತಿನ್ ಅವರ ಚಹಾದ ಕಪ್ಪಿಗೆ ಬಿತ್ತು. ದಾತಿನ್ ಚಮಚದಿಂದ ಅದನ್ನೆತ್ತಿ ಸಾಸರಿನಲ್ಲಿಟ್ಟರು.

"ಸಪಿಯಾ ಅವರೇ, ಫೇಲ್ ಮಾಡ್ತೀನಿ ಅಂದದ್ದೇ ನನ್ನ ಕೊನೆಯ ಪ್ರಶ್ನೆ. ಎಲ್ಲಾ ಕಾಲೇಜಲ್ಲೂ ಯಾವುದಾದ್ರೂ ರೋಗಿಯ ಗುಟ್ಟು ಹಿಡಿದು ಹೀಗೇ ಕೇಳ್ತೀನಿ, ಎಲ್ಲರೂ ಹೆದರಿ ಹೆಸರು ಹೇಳಿಬಿಡ್ತಾರೆ. ಹೇಳದೆ ನಿಂತವಳು ಇವಳೊಬ್ಬಳೇ. ನೂರಕ್ಕೆ ನೂರು ಕೊಟ್ಟು, ಈ ಪಾಠ ನಿಮ್ಮ ಕೈಯಲ್ಲೇ ಇರಲಿ ಅಂತ ಬರೆಯೋಕೆ ಪೆನ್ನು ಎತ್ತಿದ್ದೆ. ಇನ್ನೊಂದು ಗಳಿಗೆ ಸುಮ್ಮನಿರೋಕೆ ಆಗ್ಲಿಲ್ವಾ ನಿಮಗೆ?"

ಟೀಚರ್ ದೊಪ್ಪನೆ ಕೂತರು. "ಈಗ?"

"ಪಾಠ ಇರುತ್ತೆ, ಎಲ್ಲರಿಗೂ ಕಡ್ಡಾಯ ಆಗುತ್ತೆ. ಆದ್ರೆ ಕಲಿಯೋ ಹುಡುಗಿಯನ್ನ ತಪ್ಪು ಕೆಲಸಕ್ಕೆ ಕರೆದವರ ಕೈಲಿ ಅದನ್ನ ಹೇಗೆ ಬಿಡಲಿ? ಮುಂದಿನ ವರ್ಷ ಇವಳೇ ಹೇಳಲಿ. ನೀವು ಕೂತು ಕೇಳಿ."

"ನನ್ನಿಂದ ಆಗಲ್ಲ ದಾತಿನ್, ಅದು ನಮ್ಮ ಪುವಾನ್ ಪಾಠ," ಅಂದಳು ವಿಘ್ನೇಶ್ವರಿ, ಅಳುವ ದನಿಯಲ್ಲಿ.

"ಒಪ್ಕೊಳ್ಳೇ, ಪೆದ್ದಿ!" ಅಂತ ಟೀಚರ್ ಗದರಿದರು. ಹಲ್ಲಿನ ಸಂದಿಯಿಂದ ಗಾಳಿ ಬಂತು, ಮಾತು ಅರ್ಧ ಬಂತು. ಆದರೂ ಹುಡುಗಿಗೆ ಅರ್ಥವಾಯಿತು.

ಹೊರಗೆ ಮಾಕ್ ತೇ ಕಾಯುತ್ತಿದ್ದಳು. "ಏನಾಯ್ತೇ? ಅಯ್ಯೋ, ಹಲ್ಲೆಲ್ಲೇ ನಿಂದು?"

"ಹಲ್ಲು ಹೋಯ್ತು ಮಾಕ್ ತೇ, ಪಾಠಾನೂ ಹೋಯ್ತು," ಅಂದರು ಸಪಿಯಾ ಟೀಚರ್. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಅಷ್ಟಗಲ ನಗುತ್ತಾ, ಚರಂಡಿಯ ಹತ್ತಿರ ಮಕ್ಕಳ ಲೋಟ ಆರಿಸುತ್ತಿದ್ದ ವಿಘ್ನೇಶ್ವರಿಯನ್ನು ತೋರಿಸಿದರು. "ಅದನ್ನ ಬಿಡು. ಅವಳನ್ನ ನೋಡಿದ್ಯಾ? ನನ್ನ ಹುಡುಗಿ ಅವಳು!"