ದುರ್ಗಕ್ಕನ ಅಕ್ರಿಲಿಕ್ ಒಲೆ

ಅದಿರಿನ ಲಾರಿಗಳಿಗೆ ದಾರಿ ಬೇಕೆಂದು ಗಣಿ ಕಂಪನಿಯವರು ಯಶವಂತನಗರದ ಅಂಚಿನಲ್ಲಿದ್ದ ದುರ್ಗಕ್ಕನ ಮನೆಯನ್ನು ಕೆಡವಿದರು.

ಅದೇ ಕಂಪನಿಯ ಗೆಸ್ಟ್‌ಹೌಸ್ ಗೋಡೆಯ ಮೇಲೆ ಹಳ್ಳಿಯ ಅಡುಗೆಮನೆಯನ್ನು ಜನಪದ ಶೈಲಿಯಲ್ಲಿ ಬರೆದುಕೊಡಲು ಪಂಪೇಶ್ ಒಪ್ಪಿಕೊಂಡ. ಕಂಪನಿ ಕಾಂಪೌಂಡಿನ ಮೇಲೆ ‘ಧಿಕ್ಕಾರ’ ಬರೆದವನೂ ಅವನೇ. ಅಕ್ಷರ ಚೆಂದವಿದೆಯೆಂದು ಮ್ಯಾನೇಜರ್ ಸಿದ್ದಲಿಂಗೇಶ್ ಹುಡುಕಿ ಕರೆಸಿದ್ದರು. ಸಂಜೆ ದಿಲ್ಲಿಯ ಅತಿಥಿಗಳು ಬರುವುದರೊಳಗೆ ಚಿತ್ರ ಮುಗಿದರೆ ಕಂಪನಿ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ ನೌಕರಿ. ಇದು ಶತ್ರುವಿನ ಕೋಟೆಗೆ ಒಳಗಿನಿಂದ ಲಗ್ಗೆ ಹಾಕುವ ತಂತ್ರ ಎಂದು ಓದುಬಳಗದ ಗೆಳೆಯರಿಗೆ ವಿವರಿಸಿದ. ಅವರು ನಗಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು.

ಕುಂಚ ಎತ್ತಿದ ಮೇಲೆ ತೊಡಕು ತಿಳಿಯಿತು. ಹೆಣ್ಣಿನ ದುಡಿಮೆಯ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡಬಲ್ಲ ಪಂಪೇಶ್ ಒಲೆಯ ಮುಂದೆ ಒಮ್ಮೆಯೂ ಕೂತವನಲ್ಲ. ಅವನು ಬರೆದ ಒಲೆ ಕೆರೆಯಲ್ಲಿ ಮಲಗಿದ ಎಮ್ಮೆಯ ಹಾಗಿತ್ತು. ಗೆಸ್ಟ್‌ಹೌಸ್ ಅಡುಗೆಯ ಗಾಳೆಪ್ಪ ಬಂದು, ಪಕ್ಕದಲ್ಲೊಂದು ಗ್ಯಾಸ್ ಸಿಲಿಂಡರ್ ಇಡು ಎಂದ. ಮ್ಯಾನೇಜರ್ ಬಂದು, ಒಲೆ ಮುಂದಿನ ಹೆಂಗಸು ನಗುತ್ತಿರಲಿ ಎಂದರು. ಅಳಿಸೋಣವೆಂದರೆ ಅಕ್ರಿಲಿಕ್ ಬಣ್ಣ ಗೋಡೆ ಮುಟ್ಟಿದ ಕೂಡಲೇ ಒಣಗಿ ಹಟ ಹಿಡಿಯುತ್ತಿತ್ತು.

ಕೊನೆಗೆ ದುರ್ಗಕ್ಕನನ್ನೇ ಕರೆತಂದ. ಕೆಡವಿದ ಮನೆಯಲ್ಲಿ ಏನೇನು ಎಲ್ಲೆಲ್ಲಿತ್ತೋ ಆಕೆ ಹಾಗೇ ಹೇಳಿದಳು: ಕೆಮ್ಮಣ್ಣು ಸಾರಿಸಿದ ಒಲೆ, ಅದರ ಮೇಲೆ ಸುಣ್ಣದ ಚುಕ್ಕಿ, ಗೂಡಿನಲ್ಲಿ ಚಿಮಣಿ ಬುಡ್ಡಿ, ನೆಲುವಿನಲ್ಲಿ ಮೊಸರಿನ ಗಡಿಗೆ. ಪಂಪೇಶ್ ಒಣಗಿದ ಎಮ್ಮೆಯ ಮೇಲೇ ಹಾಗೇ ಬರೆಯುತ್ತ ಹೋದ. ಕೆಮ್ಮಣ್ಣಿನ ಬಣ್ಣ ಕಲಸುವ ಮೊದಲೇ ಕಿಟಕಿಯಿಂದ ಅದಿರು ಲಾರಿಯ ಕೆಂಪು ಧೂಳು ಬಂದು ಕೂತು ಅರ್ಧ ಕೆಲಸ ಮುಗಿಸಿತ್ತು.

“ಆಕಿ ನಗೋದು ಬ್ಯಾಡಪ,” ಅಂದಳು ದುರ್ಗಕ್ಕ. “ಕಟಿಗಿ ಹಸೇವು ಅದಾವು, ಹೊಗಿ ಏಳತೈತಿ.”

ಚಿತ್ರ ಮುಗಿದದ್ದೇ ದುರ್ಗಕ್ಕ ಗೋಡೆಯ ಮೇಲಿನ ಆ ಒಲೆಯ ಮುಂದೆ ಕಾಲು ಮಡಚಿ ಕೂತುಬಿಟ್ಟಳು.

ಹೊರಗೆ ಕಾರುಗಳ ಸದ್ದಾಯಿತು. ಆಕೆಯನ್ನು ಎಬ್ಬಿಸದಿದ್ದರೆ ನೌಕರಿ ಮರೆತುಬಿಡು ಎಂದು ಮ್ಯಾನೇಜರ್ ಕಿವಿಯಲ್ಲಿ ಹೇಳಿದರು. ಪಂಪೇಶ್ ಬಗ್ಗಿ ಬೇಡಿಕೊಂಡ.

“ಲೇ ಪಂಪ್ಯಾ, ಚಪ್ಪಲಿ ಮೆಟ್ಕೊಂಡು ಒಲಿ ಮುಂದ ನಿಂತೀಯಲ್ಲ,” ಅಂದಳು ಆಕೆ.

ಧಿಕ್ಕಾರದ ಪಂಪೇಶ್ ತೆಪ್ಪಗೆ ಹೋಗಿ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟುಬಂದ. ಅದನ್ನು ಕಂಡು ಒಳಬರುತ್ತಿದ್ದ ಅತಿಥಿಗಳೂ ಬೂಟು ಬಿಚ್ಚಿದರು. ಬರಿಗಾಲಲ್ಲಿ ಸುತ್ತ ನಿಂತು, ಚಿತ್ರಕ್ಕಿಂತ ಅದರ ಮುಂದೆ ಕೂತ ಹೆಂಗಸೇ ಮಸ್ತ್ ಎಂದು ಹೊಗಳಿದರು.

ಮ್ಯಾನೇಜರ್ ಅಲ್ಲೇ ಮಾತು ಬದಲಿಸಿದರು. ಮಾಸ್ತರ ಪಗಾರ ಇನ್ನು ಈಯಮ್ಮನಿಗೇ, ಪಂಪೇಶ್ ಬಣ್ಣದ ಡಬ್ಬಿ ಎತ್ತಿಕೊಂಡು ಹೊರಡಬಹುದು ಎಂದರು. ಆಮೇಲೆ ಬೂಟುಗಾಲಲ್ಲೇ ದುರ್ಗಕ್ಕನ ಹತ್ತಿರ ಹೋದರು.

“ಈಗ ಎದ್ದು ನಡಿಯಮ್ಮ. ನಾಳಿಂದ ದಿನಾ ಬಂದು ಹಿಂಗ ಕುಂದ್ರು, ಪಗಾರ ಕೊಡ್ತೀವಿ.”

ದುರ್ಗಕ್ಕ ಸೆರಗು ಸರಿಮಾಡಿಕೊಂಡಳು.

“ಮೊದ್ಲು ಬೂಟು ಹೊರಗ ಬಿಟ್ಟು ಬರ್ರಿ. ನಮ್ಮನ್ಯಾಗ ನಾ ಕುಂದ್ರಾಕ ನಿಮ್ಮ ಪಗಾರ ಯಾಕ್ರಿ? ನಾ ಏಳಂಗಿಲ್ಲ.”