ಗೋದಲಿ ವಿಸರ್ಜನೆ

ಮೂಡಲಪಾಳ್ಯದ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ನಿಯಮದ ಪ್ರಕಾರ, ರಸ್ತೆಗೆ ಕಾಣುವಂತೆ ಮೂರ್ತಿ ಕೂರಿಸಿದವರು ಅದನ್ನು ನೀರಿಗೆ ಬಿಡಲೂ ಬದ್ಧರು. ನಿಯಮ ಮಾಡಿದ್ದು ಗಣಪತಿಗೆ. ಆದರೆ ಒಬ್ಬ ದೇವರ ಹೆಸರು ಬರೆದರೆ ಉಳಿದವರಿಗೆ ಬೇಜಾರಾದೀತೆಂದು ಹೆಸರನ್ನೇ ಬಿಡಲಾಗಿತ್ತು.

ಎರಡು ವರ್ಷದ ಕೆಳಗೆ ಲೂರ್ದಮ್ಮ ಎಂದಿನಂತೆ ಗೇಟಿನ ಪಕ್ಕ ಕ್ರಿಸ್‌ಮಸ್ ಗೋದಲಿ ಕಟ್ಟಿದರು. ಹುಲ್ಲಿನ ಮಾಡು, ಟ್ರೇಗಳಲ್ಲಿ ಮೊಳೆಸಿದ ರಾಗಿ ಪೈರು, ನಡುವೆ ಮರಿಯಮ್ಮ, ಜೋಸೆಫ್, ಕುರಿ ಕಾಯುವವರು, ಕಿವಿ ಮುರಿದ ಒಂದು ಹಸು. ಎಲ್ಲ ಪ್ಲಾಸ್ಟರಿನವು. ಬಿನ್ನಿಪೇಟೆಯ ವಠಾರ ಬಿಡುವಾಗ ಅವರ ಅತ್ತೆ ಹಳೇ ಸೀರೆಯಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ತಂದಿದ್ದವು. ಹೊಸದು ತಗೊಳ್ಳಿ ಎಂದವರ ಜೊತೆ ಲೂರ್ದಮ್ಮ ಮಾತು ಬಿಡುತ್ತಿದ್ದರು.

ಆ ವರ್ಷ ಸಂಘಕ್ಕೆ ಹೊಸ ಅಧ್ಯಕ್ಷರು ಬಂದಿದ್ದರು: ನಿವೃತ್ತ ಅಧಿಕಾರಿ ರೇವಣಸಿದ್ದಯ್ಯ. ಕಾರ್ಯದರ್ಶಿ ಕಲ್ಮೇಶ್, ಗದಗಿನ ಹುಡುಗ. ಇಬ್ಬರೂ ತಪಾಸಣೆಗೆ ಬಂದರು.

“ಮುಖ್ಯ ಮೂರ್ತಿನ ಇಲ್ಲಲ್ರೀ ಆಂಟಿ,” ಕಲ್ಮೇಶ್ ಬಗ್ಗಿ ನೋಡಿದ.

“ಇನ್ನೂ ಹುಟ್ಟಿಲ್ಲ ಕಣಪ್ಪ. ಇಪ್ಪತ್ನಾಲ್ಕರ ರಾತ್ರಿ ಹನ್ನೆರಡಕ್ಕೆ ಹುಟ್ತಾನೆ. ಚರ್ಚಲ್ಲಿ ಪೂಜೆ ಮುಗಿಸ್ಕೊಂಡು ಬಂದು ಇಡ್ತೀವಿ.”

“ಹತ್ತರ ಮೇಲೆ ಕಾರ್ಯಕ್ರಮಕ್ಕೆ ಅವಕಾಶ ಇಲ್ಲಮ್ಮ,” ಅಂದರು ರೇವಣಸಿದ್ದಯ್ಯ. “ಒಂಬತ್ತೂವರೆಗೆ ಹುಟ್ಟೋ ಹಾಗೆ ಮಾಡ್ಕೊಳ್ಳಿ.”

“ಅದು ನಮ್ಮ ಕೈಲಿಲ್ಲ ಸಾರ್.”

“ಮೈಕ್ ಇದೆಯಾ?”

“ಎಳೇ ಮಗು ಸಾರ್.”

ಮೈಕ್ ಇಲ್ಲದ ಜನನಗಳಿಗೆ ವಿನಾಯಿತಿ ಘೋಷಿಸಲಾಯಿತು.

“ಸರಿ, ನೀರಿಗೆ ಬಿಡೋದು ಯಾವತ್ತು?”

ಲೂರ್ದಮ್ಮ ಕುರ್ಚಿ ಎಳೆದುಕೊಂಡು ಕೂತರು. “ನಾವು ಬಿಡಲ್ಲ ಸಾರ್. ಜನವರಿ ಆರಕ್ಕೆ ಮೂರು ರಾಜರ ಹಬ್ಬ. ಅದಾದ್ಮೇಲೆ ಸೀರೆ ಸುತ್ತಿ ಅಟ್ಟಕ್ಕೆ ಹಾಕ್ತೀವಿ.”

“ಅಟ್ಟಕ್ಕಾ?” ರೇವಣಸಿದ್ದಯ್ಯನವರಿಗೆ ನಿಜಕ್ಕೂ ನೋವಾಯಿತು. “ಕೂರಿಸಿದ ದೇವರನ್ನ ಮರ್ಯಾದೆಯಾಗಿ ಕಳಿಸಿಕೊಡಬೇಕಮ್ಮ.”

ಕಲ್ಮೇಶ್ ಹಸುವಿನ ಬೆನ್ನಿಗೆ ಬೆರಳಲ್ಲಿ ತಟ್ಟಿದ. “ಪಿಓಪಿ ಐತ್ರೀ ಸರ. ನೀರಿಗೆ ಬಿಡಂಗಿಲ್ಲ.”

ಹೀಗಾಗಿ ಮೂರ್ತಿಗಳನ್ನು ಮುಳುಗಿಸುವುದು ಏಕಕಾಲಕ್ಕೆ ಕಡ್ಡಾಯವೂ ನಿಷಿದ್ಧವೂ ಆಯಿತು. ಸಂಘ ತುರ್ತು ಸಭೆ ಕರೆದು, ಬೋಂಡಾ ತಿಂದು, ಪ್ರಕಟಣೆ ಹೊರಡಿಸಿತು: “ಮೂರು ರಾಜರ ಹಬ್ಬದಂದು ವಿಸರ್ಜನೆ ನಡೆಸತಕ್ಕದ್ದು. ತಪ್ಪಿದಲ್ಲಿ ಮೂರ್ತಿಗಳನ್ನು ಸಂಘವು ವಶಕ್ಕೆ ಪಡೆದು, ಸಂಘದ ಕಚೇರಿಯ ಅಟ್ಟಕ್ಕೆ ಹಾಕತಕ್ಕದ್ದು.”

ಮಗು ಹನ್ನೆರಡಕ್ಕೇ ಹುಟ್ಟಿತು. ಜನವರಿ ಆರರಂದು ನೀರಿನ ಟ್ಯಾಂಕರ್ ಬಂತು, ತಮಟೆಯವರು ಬಂದರು. ಲೂರ್ದಮ್ಮ ಅತ್ತೆಯ ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಗೋದಲಿಗೆ ಅಡ್ಡ ಕೂತಿದ್ದರು. ಕಲ್ಮೇಶ್ ಮರಿಯಮ್ಮನ ಕಡೆ ಕೈ ಚಾಚಿದ.

“ಮುಟ್ಬೇಡ. ನಿಮಗೆ ಮುಳುಗಿಸೋಕೆ ಏನೋ ಒಂದು ಬೇಕು ತಾನೆ?” ಎಂದು ಲೂರ್ದಮ್ಮ ಒಂದು ಟ್ರೇ ರಾಗಿ ಪೈರು ಎತ್ತಿ ಕೊಟ್ಟರು. “ತಗೋ. ಇದೂ ಗೋದಲೀಲಿ ಕೂತಿದ್ದೇ.”

ರೇವಣಸಿದ್ದಯ್ಯ ಪೈರನ್ನು ಪರಿಶೀಲಿಸಿದರು. ಮಣ್ಣಿತ್ತು. ಬಣ್ಣ ನೈಸರ್ಗಿಕವಾಗಿತ್ತು. ನಿಯಮಕ್ಕೆ ಇಷ್ಟು ಸರಿಯಾಗಿ ಹೊಂದುವ ಮೂರ್ತಿಯನ್ನು ಸಂಘ ಅದುವರೆಗೆ ಕಂಡಿರಲಿಲ್ಲ.

ರಾಗಿ ಮೆರವಣಿಗೆ ಹೊರಟಿತು. ದಾರಿಯಲ್ಲಿ ಹೆಂಗಸರು ಆರತಿ ಎತ್ತಿದರು. ಯಾವ ದೇವರೆಂದು ಯಾರೂ ಕೇಳಲಿಲ್ಲ. ಟ್ಯಾಂಕರಿನಲ್ಲಿ ಪೈರು ಮುಳುಗಲಿಲ್ಲ. ಕಲ್ಮೇಶ್ ಕೋಲಿನಿಂದ ಒತ್ತಿ ಹಿಡಿಯಬೇಕಾಯಿತು. ರೇವಣಸಿದ್ದಯ್ಯ ಕಣ್ಣೊರೆಸಿಕೊಂಡು ಎಲ್ಲರಿಗೂ ಪ್ಲಮ್ ಕೇಕ್ ಪ್ರಸಾದ ಹಂಚಿದರು. ಮೂರ್ತಿಗಳು ಸೀರೆ ಸುತ್ತಿಕೊಂಡು ಲೂರ್ದಮ್ಮನ ಅಟ್ಟ ಸೇರಿದವು.

ಈ ಸಲ ಪಕ್ಕದ ರಸ್ತೆಯವರೂ ರಾಗಿ ಕೂರಿಸಲು ಅನುಮತಿ ಕೇಳಿದ್ದಾರೆ. ಲೂರ್ದಮ್ಮ ಗೋದಲಿಗೆಂದು ಒಂದಿಷ್ಟು, ಮುಳುಗಿಸಲೆಂದು ಒಂದು ಟ್ರೇ ಬೇರೆಯೇ ಬಿತ್ತಿದ್ದಾರೆ. ಚರ್ಚಿಗೆ ಹೊಸದಾಗಿ ಬಂದ ಪಾದ್ರಿ, ಇದೇನಮ್ಮ ಎಂದು ವಿಚಾರಿಸಿದರು.

“ಹಿಂದಿನಿಂದ ನಡ್ಕೊಂಡು ಬಂದಿರೋದು ಫಾದರ್,” ಅಂದರು ಲೂರ್ದಮ್ಮ. “ತಪ್ಪಿಸೋ ಹಾಗಿಲ್ಲ.”

ಪಾದ್ರಿ ಟ್ರೇಗೆ ತೀರ್ಥ ಚಿಮುಕಿಸಿದರು.