ಸರಕಾರದ ಆಯೇರಿ

ನಮ್ಮ ಸೋದರಮಾವನಷ್ಟು ಮರ್ಯಾದೆಯಿಂದ ಸರಕಾರವನ್ನು ಕಂಡವರು ಇಡೀ ಗಜೇಂದ್ರಗಡದಲ್ಲಿ ಇಲ್ಲ. ಅವನಷ್ಟು ಅದನ್ನು ಗೋಳಾಡಿಸಿದವರೂ ಇಲ್ಲ!

ಮಾವ ನಾಟಕದ ಮನುಷ್ಯ. ರಾಜನ ಪಾರ್ಟು ಬಿಟ್ಟು ಬೇರೆ ಮಾಡುವುದಿಲ್ಲ. ಮನೆಯಲ್ಲೂ ಅಷ್ಟೇ. "ಯಾರಲ್ಲಿ? ಚಹಾ ಬರಲಿ!" ಎಂದು ಗುಡುಗುತ್ತಾನೆ. "ಯಾರೂ ಇಲ್ರಿ, ಸಕ್ಕರೀನೂ ಇಲ್ಲ" ಎಂದು ಒಳಗಿಂದ ಅತ್ತಿ. ರಾಜ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಡುತ್ತಾನೆ.

ಇಂಥವನಿಗೆ ನಮ್ಮ ಕೇರಿಯಲ್ಲಿ ದಲಿತ ನಾಟಕೋತ್ಸವ ಮಾಡುವ ಹುಕಿ ಬಂತು. ಸವಡಿ, ಮುಶಿಗೇರಿ, ಲಕ್ಕಲಕಟ್ಟಿಯ ನಮ್ಮ ಹುಡುಗರ ತಂಡಗಳೆಲ್ಲ ಒಂದೇ ಸ್ಟೇಜಿನ ಮೇಲೆ! ಖರ್ಚಿಗೆ ರಾಜ್ಯ ಸರಕಾರದ ಅನುದಾನ ಕೇಳಿದ. ಅಡ್ಡಾಡಿ ಅಡ್ಡಾಡಿ ಚಪ್ಪಲಿ ಸವೆದ ಮೇಲೆ ಮಂಜೂರೂ ಆಯಿತು. ಕೇರಿಯಲ್ಲಿ ಪೇಢೆ ಹಂಚಿದರು. ತಕರಾರು ಶುರುವಾದದ್ದು ಆಮೇಲೆ.

ನಮ್ಮ ಕಡೆ ನಾಟಕ ಅಂದರೆ ಆಯೇರಿ ಇರಲೇಬೇಕಲ್ಲ? ಪಾರ್ಟು ಮೆಚ್ಚಿದವರು ಆಟದ ನಡುವೆಯೇ ಸ್ಟೇಜು ಹತ್ತಿ, ಟಾವೆಲ್ ಹೊದಿಸಿ, ಎದೆಗೆ ನೋಟು ಚುಚ್ಚುತ್ತಾರೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ. ಸತ್ತು ಬಿದ್ದ ಖಳನಾಯಕನೂ ಎದ್ದು ಆಯೇರಿ ಇಸಿದುಕೊಂಡು ಮತ್ತೆ ಸಾಯುತ್ತಾನೆ! ಮಾವನ ಪ್ರಕಾರ ಅನುದಾನವೂ ಆಯೇರಿಯೇ.

ಗದಗಿನ ಕಚೇರಿಗೆ ನನ್ನನ್ನೂ ಎಳೆದೊಯ್ದ. ಅಧಿಕಾರಿ ಸಣ್ಣ ವಯಸ್ಸಿನ ಹೆಣ್ಣುಮಗಳು.

"ಯಜಮಾನ್ರ, ಇಲ್ಲೊಂದು ಸಹಿ ಮಾಡ್ರಿ. ಅನುದಾನ ಅಕೌಂಟಿಗೆ ಜಮಾ ಆಗ್ತೈತಿ."

"ಅಕೌಂಟ್ ಬ್ಯಾಡ್ರಿ. ಸರಕಾರ ಸ್ಟೇಜಿಗೆ ಬರ್ಲಿ."

"ಸರಕಾರ ಹ್ಯಾಂಗ್ರಿ ಬರ್ತೈತಿ?"

"ನೀವ ಸರಕಾರ ಅಲ್ಲೇನ್ರಿ? ಬಸ್ಸು ಭಾಳ ಅದಾವ. ಮತ್ತ, ನಿಮ್ಮ ಮನ್ಯಾಗ ಲಗ್ನ ಯಾವಾಗೈತ್ರಿ?"

ಆಯೇರಿ ಇಸಿದುಕೊಂಡ ಮೇಲೆ ಅವರ ಮನೆಯ ಕಾರ್ಯಕ್ಕೆ ಹೋಗಿ ಮುಯ್ಯಿ ಮಾಡಬೇಡವೇ? ಮೇಡಂ ಕಂಗಾಲಾದರು. "ನಂದ ಇನ್ನೂ ಆಗಿಲ್ರಿ!"

"ಹಂಗಾರ ಲಗೂ ಮಾಡ್ಕೋರಿ" ಎಂದು ಹೇಳಿ, ಸಹಿ ಮಾಡದೆ ಎದ್ದೇಬಿಟ್ಟ. ಸಹಿ ಇಲ್ಲದಿದ್ದರೆ ಅನುದಾನ ವಾಪಸ್ ಹೋಗುತ್ತದೆ, ಉತ್ಸವವೇ ಇಲ್ಲ ಎಂದು ಅವರು ಹಿಂದಿನಿಂದ ಕೂಗಿದರೂ ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ನನಗೆ ಪಿತ್ತ ನೆತ್ತಿಗೇರಿತು. "ಮಾವಾ, ನಿನ್ನ ಹಟಕ್ಕ ಹುಡುಗರ ನಾಟಕ ಹಾಳಾಗಬೇಕೇನು?"

ಮಾವ ಕಿಟಕಿಯ ಹೊರಗೆ ನೋಡುತ್ತ ಮಾತಾಡಿದ. "ನಮ್ಮಪ್ಪ, ನಿಮ್ಮಜ್ಜ, ಊರ ನಾಟಕದಾಗ ಹಲಗಿ ಬಾರಿಸ್ತಿದ್ದ. ಸ್ಟೇಜಿನ ಕೆಳಗ ನಿಂತು. ಅವಗೂ ಆಯೇರಿ ಬರ್ತಿತ್ತು. ಆದರ ಯಾರೂ ಮುಟ್ಟಿ ಕೊಡ್ತಿರಲಿಲ್ಲ, ಮ್ಯಾಲಿಂದ ಒಗೀತಿದ್ರು. ಮೈಕಿನಾಗ ಹೆಸರೂ ಹೇಳ್ತಿರಲಿಲ್ಲ. ಮಣ್ಣಾಗ ಬಿದ್ದದ್ದು ನಾ ಆರಿಸಿ ಕೊಡ್ತಿದ್ದೆ. ಅಕೌಂಟಿಗೆ ಹಾಕೋದೂ ನನಗ ಒಗದಂಗ ಅನಸ್ತೈತಿ ನೋಡು."

ನನ್ನ ಸಿಟ್ಟು ಅಲ್ಲೇ ಇಳಿಯಿತು.

ಆದರೂ ಮರುದಿನ ಹೋಗಿ ಸಹಿ ಮಾಡಿದ, ಹುಡುಗರ ಸಲುವಾಗಿ. ಅವನು ಹೊರಗೆ ನಡೆದ ಮೇಲೆ ಅಜ್ಜನ ಸಂಗತಿ ಮೇಡಂಗೆ ಹೇಳಿದೆ. ಅಜ್ಜನ ಹೆಸರು ಕೇಳಿದರು, ಅಷ್ಟೇ.

ಉತ್ಸವದ ಸಂಜಿ. ಮಾವ ಕಿರೀಟ ಹಾಕಿಕೊಂಡು ಸೇನಾಪತಿಯನ್ನು ಗದರಿಸುತ್ತಿದ್ದ. ಅಷ್ಟರಲ್ಲಿ ಮೇಡಂ ಸ್ಟೇಜು ಹತ್ತಿದರು! ಸ್ವಂತ ರೊಕ್ಕದಲ್ಲಿ ತಂದ ಟಾವೆಲ್ಲನ್ನು ಎರಡೂ ಕೈಯಿಂದ ಹೊದಿಸಿ, ಅವನ ಕೈ ಹಿಡಿದುಕೊಂಡರು. ಆಮೇಲೆ ಮೈಕು ತೆಗೆದುಕೊಂಡು, ಅಜ್ಜನ ಪೂರಾ ಹೆಸರು ಹೇಳಿ, "ಹಲಗಿ ಬಾರಿಸ್ತಿದ್ದ ಇವರಿಗೆ ಮತ್ತು ಇವರ ಮಗನಿಗೆ, ಸರಕಾರದಿಂದ ಆಯೇರಿ" ಎಂದು ಕೂಗಿದರು.

ಮಾವ ಮಾತು ಮರೆತ. ಜನ್ಮದಲ್ಲಿ ಮರೆತವನಲ್ಲ! ಪರದೆಯ ಹಿಂದಿನಿಂದ ಎಷ್ಟು ಹೇಳಿಕೊಟ್ಟರೂ ಮುಂದಿನ ಮಾತು ಹೊಳೆಯಲಿಲ್ಲ. ಕೊನೆಗೆ ಬಾಯಿಗೆ ಬಂದದ್ದನ್ನೇ ಅಂದ.

"ಯಾರಲ್ಲಿ? ಇವರಿಗೆ ಚಹಾ ಬರಲಿ!"

ಮಂದಿ ಹೋ ಎಂದು ನಕ್ಕರು. ಅವರ ನಡುವಿನಿಂದ ಅತ್ತಿ ಎದ್ದಳು. "ತಂದ್ನಿ, ತಡೀರಿ" ಎನ್ನುತ್ತ, ಅಳುತ್ತಲೇ ಮನೆ ಕಡೆ ಓಡಿದಳು.